ಮೂರನೆಯ ತಂತಿಯ ಕೆಲಸವೇನು?

ದೇಹೂ ರೋಡ್ ರೈಲು ನಿಲ್ದಾಣದಿಂದ ಹಳೆಯ ಮುಂಬಯಿ–ಪುಣೆ ಹೆದ್ದಾರಿಯ ಕಡೆಗೆ ನಡೆದು ಬರುತ್ತಿದ್ದಾಗ, ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ನಮ್ಮವರದೇ ಆದ ಒಂದು ಹೋಟೆಲಿನ ಮುಂದೆ ನಾವು ನಿಲ್ಲಬೇಕಾಯಿತು. ಹೋಟೆಲಿನ ಶಟರು ಕೆಟ್ಟಿತ್ತು. ಅದನ್ನು ಸರಿಪಡಿಸಲು ಬಂದಿದ್ದ ವರ್ಕ್‌ಶಾಪಿನ ತರುಣನು ಕೈಯಲ್ಲಿ ಕಟರು ಹಿಡಿದು, ಮೆಟ್ಟಿಲ ಮೇಲೆ ನಿಂತ ಮಳೆನೀರಿನಲ್ಲಿಯೇ ಕಾಲೂರಿ ಕುಳಿತಿದ್ದನು. ಕಟರಿನ ವಯರು ಒಂದು ಎಕ್ಸ್‌ಟೆನ್ಷನ್ ವಯರಿಗೆ, ಅದು ಇನ್ನೊಂದಕ್ಕೆ ಗಂಟುಹಾಕಲ್ಪಟ್ಟು, ಮೇಜುಗಳ ಕೆಳಗೆ ಹಾಯ್ದು ಅಡಿಗೆಮನೆಯನ್ನು ಸೇರಿತ್ತು. ಗಂಟಿಗೆ ಸುತ್ತಿದ್ದ ಟೇಪು ಬಿಚ್ಚಿಕೊಂಡಿತ್ತು. ಕೊನೆಯ ತುದಿಗೆ ಪ್ಲಗ್ಗೇ ಇರಲಿಲ್ಲ. ಎರಡು ಬರಿಯ ತಂತಿಗಳನ್ನು ಗ್ರೈಂಡರಿನ ಸಾಕೆಟ್ಟಿಗೆ ತುರುಕಿ, ಬೆಂಕಿಕಡ್ಡಿಗಳನ್ನು ಚುಚ್ಚಿ ಬಿಗಿಮಾಡಲಾಗಿತ್ತು. ಮೂರನೆಯದಾದ ಹಸಿರು ತಂತಿಯು ಹಿಂದಕ್ಕೆ ಮಡಚಿಕೊಂಡು ಬಿದ್ದಿತ್ತು.

ಇದೇಕೆ ಹೀಗೆ ಎಂದು ವಿಚಾರಿಸಲಾಗಿ, "ಅದಿಲ್ಲದೆಯೂ ಮಿಷನ್ ನಡೆಯುತ್ತದೆ, ಸೇಠ್" ಎಂದು ಉತ್ತರ ಬಂದಿತು.

ಅವನನ್ನು ಗದರಿಸುವ ಅಧಿಕಾರ ನಮಗಿರಲಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾವೂ ಹೋಟೆಲು ನಡೆಸಿದವರೇ. 2011ರ ಮಳೆಗಾಲದಲ್ಲಿ ಗ್ರೈಂಡರನ್ನು ಮೂಲೆಗೆ ಸರಿಸಿದಾಗ ಅದರ ವಯರು ಸಾಲದೆ ಹೋಯಿತು. ಎರಡೇ ತಂತಿಗಳುಳ್ಳ ಅಗ್ಗದ ವಯರೊಂದನ್ನು ತಂದು ನಾವೇ ಜೋಡಿಸಿದೆವು. ಎರಡು ತಿಂಗಳು ಉದ್ದು ಚೆನ್ನಾಗಿಯೇ ಅರೆಯಿತು. ಒಂದು ದಿನ ನಸುಕಿನಲ್ಲಿ, ಕುಂದಾಪುರದ ಕಡೆಯ ಹುಡುಗನೊಬ್ಬನು ಹಿಟ್ಟು ತೆಗೆಯಲೆಂದು ಗ್ರೈಂಡರಿನ ಮೈಯನ್ನು ಹಿಡಿದವನು, ಹಿಡಿದ ಕೈಯನ್ನು ಬಿಡಿಸಿಕೊಳ್ಳಲಾರದೆ ಹೋದನು. ಭಟ್ಟರು ಓಡಿಹೋಗಿ ಮೇನ್ ಸ್ವಿಚ್ಚನ್ನು ಆರಿಸಿದುದರಿಂದ ಅವನ ಜೀವ ಉಳಿಯಿತು. ಅಂಗೈ ಸುಟ್ಟು ಎಷ್ಟೋ ದಿನ ಅವನಿಂದ ಲೋಟ ಎತ್ತಲಾಗಲಿಲ್ಲ. "ನನ್ನದೇ ತಪ್ಪು, ಕೈ ಒದ್ದೆಯಾಗಿತ್ತು" ಎಂದು ಅವನು ಹೇಳಿದನು. ನಾವೂ ಹೌದೆಂದು ಒಪ್ಪಿಕೊಂಡೆವು! ರುಬ್ಬುವವನ ಕೈ ಒದ್ದೆಯಾಗದೆ ಇನ್ನೇನಾದೀತು? ಅಂದು ಆ ಹುಡುಗನ ಮೇಲೆ ತಪ್ಪು ಹೊರಿಸಿ ಸುಮ್ಮನಾದುದಕ್ಕೆ ಇಂದಿಗೂ ನಾಚುತ್ತೇವೆ.

ಯಂತ್ರವು ತಿರುಗುವುದಕ್ಕೆ ಎರಡು ತಂತಿಗಳು ಸಾಕು. ಕೆಂಪು ತಂತಿಯಲ್ಲಿ ವಿದ್ಯುತ್ತು ಬಂದು ಕಪ್ಪು ತಂತಿಯಲ್ಲಿ ಹಿಂದಿರುಗುತ್ತದೆ. ಯಂತ್ರಗಳೊಡನೆ ಬರುವ ಈಚಿನ ವಯರುಗಳಲ್ಲಿ ಇವು ಕಂದು ಮತ್ತು ನೀಲಿ. ಹಸಿರು ತಂತಿಯ ಒಂದು ತುದಿ ಯಂತ್ರದ ಲೋಹದ ಮೈಗೂ, ಇನ್ನೊಂದು ತುದಿ ನೆಲದಲ್ಲಿ ಹೂತಿರುವ ಕೊಳವೆ ಅಥವಾ ತಗಡಿಗೂ ಸೇರಿರುತ್ತದೆ. ಇದಕ್ಕೇ ಭೂಸಂಪರ್ಕವೆನ್ನುವುದು. ನಮ್ಮ ಹುಡುಗರು ‘ಅರ್ತಿಂಗ್’ ಎನ್ನುತ್ತಾರೆ. ಅದರ ಅರ್ಥವನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ವರ್ಷಗಟ್ಟಲೆ ಈ ತಂತಿಗೆ ಕೆಲಸವೇ ಇರುವುದಿಲ್ಲ. ಎಂದೋ ಒಂದು ದಿನ ಒಳಗಿನ ತಂತಿಯ ಹೊದಿಕೆ ಸವೆದು ಕಬ್ಬಿಣದ ಮೈಗೆ ತಗುಲಿದಾಗ, ವಿದ್ಯುತ್ತಿಗೆ ನೆಲದ ದಾರಿ ತೋರಿಸಿ, ಫ್ಯೂಜನ್ನು ಸುಡಿಸುವುದೇ ಅದರ ಕೆಲಸ. ಈ ತಂತಿ ಇಲ್ಲದಿದ್ದರೆ ಯಂತ್ರವು ಎಂದಿನಂತೆ ತಿರುಗುತ್ತಲೇ ಇರುತ್ತದೆ. ಅದರ ಮೈಯಲ್ಲಿ 230 ವೋಲ್ಟು ನಿಂತಿರುತ್ತದೆ. ಒದ್ದೆ ನೆಲದ ಮೇಲೆ ನಿಂತು ಮುಟ್ಟಿದವನೇ ಆಗ ಮೂರನೆಯ ತಂತಿಯಾಗುತ್ತಾನೆ.

ಒದ್ದೆಯಾದ ಮೈಯ ಪ್ರತಿರೋಧವು ಸಾವಿರ ಓಮಿನ ಆಸುಪಾಸು ಎಂದು ಹಿಡಿದರೆ, ಹರಿಯುವ ವಿದ್ಯುತ್ತು 230 ಮಿಲಿಆಂಪಿಯರು. ನಲವತ್ತು ವಾಟಿನ ಹಳೆಯ ಕಾಲದ ಬಲ್ಬು ಉರಿಯಲು ಬೇಕಾಗುವುದು ಸುಮಾರು 170. ಹತ್ತು ದಾಟಿದರೇ ಹಿಡಿದ ಮುಷ್ಟಿಯನ್ನು ಬಿಡಿಸುವುದು ಕಷ್ಟ. ಮೂವತ್ತನ್ನು ಮೀರಿ ಕೆಲವು ಕ್ಷಣ ಹರಿದರೆ ಹೃದಯದ ಬಡಿತವೇ ಲಯ ತಪ್ಪಬಹುದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದೇಕೆಂದು ವಾಚಕರು ಯೋಚಿಸಿರಬಹುದು. ಹಾಕುವಾಗ ಭೂಸಂಪರ್ಕ ಎಲ್ಲಕ್ಕಿಂತ ಮೊದಲು ಆಗಬೇಕು, ತೆಗೆಯುವಾಗ ಎಲ್ಲಕ್ಕಿಂತ ಕಡೆಗೆ ಬಿಡಬೇಕು ಎಂಬುದಕ್ಕಾಗಿ.

ಕೆಲವು ಅರೆಬರೆ ಕಲಿತ ವೈರ್‌ಮನ್ನರು ನೆಲಕ್ಕೆ ಹೋಗುವ ಗೋಜೇ ಬೇಡವೆಂದು ಸಾಕೆಟ್ಟಿನೊಳಗೆ ಹಸಿರನ್ನು ಕಪ್ಪಿಗೇ ಕಟ್ಟಿಬಿಡುತ್ತಾರೆ. ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಎಲ್ಲಿಯಾದರೂ ಕಪ್ಪು ತಂತಿ ತುಂಡಾದರೆ, ಯಾವ ದೋಷವೂ ಇಲ್ಲದ ಯಂತ್ರದ ಮೈಗೂ ಪೂರ್ಣ ವಿದ್ಯುತ್ತು ಏರುತ್ತದೆ. ಅಂತೆಯೇ, ಹಸಿರು ತಂತಿ ಇದ್ದಮಾತ್ರಕ್ಕೆ ಸಾಲದು. ನೆಲದ ಗುಂಡಿಯೂ ಸರಿಯಾಗಿರತಕ್ಕದ್ದು. ಬೇಸಗೆಯಲ್ಲಿ ನೀರು ಕಾಣದೆ ಒಣಗಿದ ಗುಂಡಿಯ ಪ್ರತಿರೋಧ 20 ಓಮಿಗೆ ಏರಿತೆನ್ನಿ. ಆಗ ಹರಿಯುವುದು 11½ ಆಂಪಿಯರು ಮಾತ್ರ. 16 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಅಲುಗುವುದೂ ಇಲ್ಲ. ಆದುದರಿಂದಲೇ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಬೇಕಾಗುವುದು. ಹೋದ ವಿದ್ಯುತ್ತು, ಬಂದ ವಿದ್ಯುತ್ತು ಇವೆರಡರ ಲೆಕ್ಕವನ್ನು ಅದು ಸದಾ ತಾಳೆನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ. ಗಲ್ಲೆಯ ಲೆಕ್ಕ ಬರೆಯುವ ಗುಮಾಸ್ತರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಅದರ ಬೆಲೆಯಾದರೋ, ನಡೆಯುವ ಹೋಟೆಲಿನ ಒಂದು ದಿನದ ಹಾಲಿನ ಬಿಲ್ಲಿಗಿಂತ ಕಡಿಮೆ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡುತ್ತಿರಬೇಕು.

ಇನ್ನು ವಯರಿನ ಮಾತು. ಇಪ್ಪತ್ತು ಮೀಟರು ಉದ್ದದ, ಮುಕ್ಕಾಲು ಚದರ ಮಿಲಿಮೀಟರು ದಪ್ಪದ ತಾಮ್ರದ ವಯರಿನ ಮೂಲಕ ಎರಡು ಸಾವಿರ ವಾಟಿನ ಯಂತ್ರವನ್ನು ನಡೆಸಿದರೆ, ದಾರಿಯಲ್ಲಿಯೇ ಸುಮಾರು 70 ವಾಟು ಬಿಸಿಯಾಗಿ ಹೋಗುತ್ತದೆ. ನೆಲದ ಮೇಲೆ ಹರವಿದ್ದರೆ ಆ ಬಿಸಿ ಗಾಳಿಗೆ ಹೋದೀತು. ಸುರುಳಿ ಸುತ್ತಿಯೇ ಇಟ್ಟರೆ ಒಂದೇ ಕಡೆ ಕೂಡಿಕೊಂಡು ಹೊದಿಕೆಯನ್ನು ಕರಗಿಸುತ್ತದೆ. ಇಂಥ ಕೆಲಸಕ್ಕೆ 1.5, ಸಾಧ್ಯವಾದರೆ 2.5 ಚದರ ಮಿಲಿಮೀಟರಿನ, ಐ.ಎಸ್.ಐ. ಗುರುತಿನ, ಮೂರು ತಂತಿಯ ಒಂದೇ ಅಖಂಡ ವಯರು ಬೇಕು. ಉಪಯೋಗಿಸುವಾಗ ಸುರುಳಿಯನ್ನು ಪೂರಾ ಬಿಚ್ಚಬೇಕು.

ಆ ತರುಣನಿಗೂ ನ್ಯಾಯ ಸಲ್ಲಿಸಬೇಕು. ಅವನ ಕಟರಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿತ್ತು. ಇಮ್ಮಡಿ ಹೊದಿಕೆಯ ಅಂಥ ಯಂತ್ರಕ್ಕೆ ಹಸಿರು ತಂತಿ ನಿಜವಾಗಿಯೂ ಬೇಡ. ಆದರೆ ನೀರು ಒಳಹೊಕ್ಕರೆ ಆ ರಕ್ಷಣೆಯೂ ಉಳಿಯದು, ಬಿಚ್ಚಿದ ಗಂಟಂತೂ ನೀರಿಗೆ ಗೇಣು ದೂರದಲ್ಲಿತ್ತು. ಸಂಜೆ ಇದೇ ವಯರನ್ನು ಯಾವುದಕ್ಕೆ ಹಾಕುತ್ತೀಯೆಂದು ಕೇಳಿದೆವು. ವರ್ಕ್‌ಶಾಪಿನ ಕಬ್ಬಿಣದ ಸಾಣೆಯಂತ್ರಕ್ಕೆಂದು ಹೇಳಿ, ಕ್ಷಣಕಾಲ ಸುಮ್ಮನಾಗಿ, ತಾನೇ ಮೇನ್ ಆರಿಸಲು ಎದ್ದುಹೋದನು.

ಹೋಟೆಲಿನ ಯಜಮಾನರು ಹೊಸ ವಯರನ್ನೂ ಪ್ಲಗ್ಗನ್ನೂ ತರಿಸಿದರು. ಶಟರು ಮಧ್ಯಾಹ್ನಕ್ಕೆ ಸರಿಯಾಯಿತು. ನಿಮ್ಮ ಅರ್ಥಿಂಗ್ ಗುಂಡಿ ಎಲ್ಲಿದೆಯೆಂದು ಕೇಳಿದ್ದಕ್ಕೆ ಮಾತ್ರ ಅವರಿಗೂ, ಹದಿನೈದು ವರ್ಷದಿಂದ ಅಲ್ಲಿರುವ ಭಟ್ಟರಿಗೂ ಉತ್ತರ ತಿಳಿಯದು. ಮರುವಾರ ಲೈಸೆನ್ಸುಳ್ಳ ವೈರ್‌ಮನ್ ಬಂದು ಹುಡುಕಲಾಗಿ, ಅದು ಪಾತ್ರೆ ತೊಳೆಯುವ ಕಟ್ಟೆಯ ಕಾಂಕ್ರೀಟಿನ ಅಡಿಯಲ್ಲಿ ಸಿಕ್ಕಿತು. ಅದಕ್ಕೆ ಸೇರಿದ ತಂತಿಯು ತುಕ್ಕು ಹಿಡಿದು, ಎಂದೋ ತುಂಡಾಗಿತ್ತು.