ಯೆಜ್ಡಿಯ ಹವಾ ಸೋರಿದ ಜಾಗ

ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿ.ಮೀ. ನಮ್ಮ ಮನೆಯ ಹಳೆಯ ಯೆಜ್ಡಿ ಬೈಕು ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗಿ ಸಸ್ತಾಪುರ ಬಂಗ್ಲಾದವರೆಗೆ ಚೆನ್ನಾಗಿಯೇ ಓಡುತ್ತಿತ್ತು. ಹೆದ್ದಾರಿ ಹತ್ತಿ ರಾಜೇಶ್ವರ ಬರುವಷ್ಟರಲ್ಲಿ ಎಂಜಿನ್ ಕಾದು ಬಂದ್ ಬೀಳುತ್ತಿತ್ತು. ಬೇವಿನ ನೆರಳಲ್ಲಿ ಸ್ವಲ್ಪ ಹೊತ್ತು ತಣಿಸಿದರೆ ಮತ್ತೆ ಚಾಲೂ. ಕೊನೆಗೊಂದು ದಿನ ಪಿಸ್ಟನ್ನೇ ಜಾಮ್ ಆಗಿ ಹಿಂದಿನ ಚಕ್ರ ಹಿಡಿದುಕೊಂಡಿತು.

ಮನೆಯ ಅಂಗಳದಲ್ಲೇ ಹೆಡ್ಡು, ಬ್ಲಾಕು ಬಿಚ್ಚಿದೆವು. ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಮೇಲೆ ಉದ್ದುದ್ದ ಗೆರೆ ಬಿದ್ದಿದ್ದವು. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದ್ದಾಯಿತು. ಕಾರ್ಬೊರೇಟರ್ ತೊಳೆದು, ಪಾಯಿಂಟಿನ ಗ್ಯಾಪ್ 0.4 ಮಿ.ಮೀ.ಗೆ ಕೂಡಿಸಿ, ಕಂಡೆನ್ಸರ್ ಕೂಡ ಹೊಸದು ಹಾಕಿದೆವು. ಆದರೂ ಅದೇ ರಾಜೇಶ್ವರ, ಅದೇ ಬೇವಿನ ನೆರಳು.

ಸುಳಿವು ಕೊಟ್ಟಿದ್ದು ಎರಡು ಸಂಗತಿ. ಎಂಜಿನ್ ಕಾದ ಮೇಲೆ ಎಕ್ಸಲರೇಟರ್ ಪೂರ್ತಿ ಬಿಟ್ಟರೂ ಸದ್ದು ಇಳಿಯುತ್ತಿರಲಿಲ್ಲ, ತಾನೇ ಏರುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಬೂದಿಯಂತೆ ಬೆಳ್ಳಗೆ. ಪೆಟ್ರೋಲಿಗಿಂತ ಗಾಳಿ ಹೆಚ್ಚಾದಾಗ ಪ್ಲಗ್ ಹೀಗಾಗುತ್ತದೆ. ನೆರೆಮನೆಯ ಮಿಸ್ತ್ರಿ ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಾರ್ಬೊರೇಟರ್ ಮುಟ್ಟಬ್ಯಾಡ್ರಿ ಇನ್ನ. ಹವಾ ಬ್ಯಾರೆ ಕಡಿಯಿಂದ ಒಳಗ ಬರ್ಲಾಕತ್ತದ" ಎಂದರು.

ಬೇರೆ ಕಡೆ ಎಂದರೆ ಎಲ್ಲಿಂದ? ಇದಕ್ಕೆ ಉತ್ತರ ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿನ ಹುಟ್ಟಿನಲ್ಲೇ ಇದೆ. ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ 1891ರ ಹೊತ್ತಿಗೆ ಕ್ರ್ಯಾಂಕ್ ತಿರುಗುವ ಕೋಣೆಯನ್ನೇ ಪಂಪಾಗಿ ಬಳಸುವ ಎಂಜಿನ್ ರೂಪಿಸಿದ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕೋಣೆ ಪೆಟ್ರೋಲ್ ಬೆರೆತ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗಿಳಿದಾಗ ಅದನ್ನೇ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಲ್ಲಿ ಮಾಡಿದ ಗಾಡಿಗಳ ಉಸಿರಾಟವೂ ಇದೇ. ಆ ಕೋಣೆಗೆ ಎಲ್ಲಾದರೂ ಸಣ್ಣ ಸಂದಿ ಬಿದ್ದರೆ ಬರಿಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ಪಿಸ್ಟನ್ನಿಗೆ ಸಿಗುವ ಜಿಡ್ಡೂ ಕಡಿಮೆ. ನಮ್ಮ ಪಿಸ್ಟನ್ನಿನ ಗೆರೆಗಳಿಗೆ ಇದಕ್ಕಿಂತ ಸ್ಪಷ್ಟ ಕಾರಣ ನನಗಂತೂ ಬೇರೆ ಕಾಣಲಿಲ್ಲ.

ಹಾಗಾದರೆ ಸಂದಿ ಹುಡುಕಬೇಕು. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಕೆಳಗಿನ ಕೋಣೆಯಿಂದ ಸಿಲಿಂಡರಿಗೆ ಹೋಗುವ ಒಳದಾರಿಗಳು ತೆರೆದಿರುವಂತೆ ನಿಲ್ಲಿಸಿದೆವು. ಹಳೇ ಟ್ಯೂಬಿನ ರಬ್ಬರ್ ಕತ್ತರಿಸಿ ಕಾರ್ಬೊರೇಟರ್ ಕೂಡುವ ಬಾಯಿ ಮುಚ್ಚಿದೆವು. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಆದ್ದರಿಂದ ಆ ಎರಡೂ ಬಾಯಿ ಬಿಗಿಯಾಗಿ ಮುಚ್ಚಬೇಕಾಯಿತು. ಪ್ಲಗ್ಗಿನ ತೂತಿಗೆ ಪೈಪು ಕೂಡಿಸಿ ಅದಕ್ಕೆ ಬಿ.ಪಿ. ನೋಡುವ ಯಂತ್ರದ ಬಲ್ಬು ಮತ್ತು ಮೀಟರ್ ಜೋಡಿಸಿದರು ಕಾಕಾ. ಬಲ್ಬು ಹಿಸುಕಿ ಮುಳ್ಳನ್ನು 250ಕ್ಕೆ ಏರಿಸಿದರೆ ಅದು ನಿಲ್ಲಲೇ ಇಲ್ಲ, ನೋಡನೋಡುತ್ತಲೇ ಇಳಿಯಿತು. ಸಾಬೂನು ನೀರಿನ ಬ್ರಷ್ ಆಡಿಸಿದೆವು. ಹೆಡ್ಡಿನ ಬಳಿ ಏನಿಲ್ಲ, ಬ್ಲಾಕಿನ ಗ್ಯಾಸ್ಕೆಟ್ಟೂ ಗಟ್ಟಿ. ಬಲಗಡೆ ಡೈನಮೊ ಬಿಚ್ಚಿ, ಕ್ರ್ಯಾಂಕ್ ಶಾಫ್ಟ್ ಹೊರಬರುವ ಜಾಗಕ್ಕೆ ನೀರು ಸವರಿದ್ದೇ ತಡ, ಆಯಿಲ್ ಸೀಲಿನ ಅಂಚಿನಿಂದ ಬುಳುಬುಳು ನೊರೆ ಎದ್ದಿತು. ಸೀಲಿನ ತುಟಿ ವಯಸ್ಸಾಗಿ ಕಲ್ಲಿನಂತೆ ಬಿರುಸಾಗಿತ್ತು.

ಅಷ್ಟಕ್ಕೇ ಸೀಲ್ ಬದಲಿಸಿ ಮುಗಿಸಲು ಕಾಕಾ ಒಪ್ಪಲಿಲ್ಲ. ಶಾಫ್ಟನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರು. ಕೈಗೆ ಆಟ ಸಿಕ್ಕಿತು. ಬೇರಿಂಗ್ ಸವೆದಿದ್ದರೆ ಶಾಫ್ಟ್ ನಡುಗಿ ಹೊಸ ಸೀಲನ್ನೂ ಬೇಗ ತಿಂದುಹಾಕುತ್ತದೆ. ಹೀಗಾಗಿ ಎಂಜಿನ್ ಇಬ್ಭಾಗ ಮಾಡಿ ಬೇರಿಂಗು, ಎರಡೂ ಕಡೆಯ ಸೀಲು ಹೊಸದು ಕೂಡಿಸಿದೆವು. ಎಡಗಡೆಯದು ಇನ್ನೂ ಕೆಟ್ಟಿರಲಿಲ್ಲ. ಅದು ಕೆಟ್ಟರೆ ಲಕ್ಷಣವೇ ಬೇರೆ: ಗೇರ್ ಬಾಕ್ಸಿನ ಆಯಿಲನ್ನು ಎಂಜಿನ್ ಎಳೆದುಕೊಂಡು ಹೊಗೆ ದಟ್ಟವಾಗುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ.

ಜೋಡಿಸಿದ ಮೇಲೆ ಮತ್ತೆ ಬಲ್ಬು ಹಿಸುಕಿದೆವು. ಮುಳ್ಳು ನಿಂತಿತು. ಹುಮನಾಬಾದಿಗೆ ಹೋಗಿಬಂದು ಪ್ಲಗ್ ಬಿಚ್ಚಿದರೆ ತುದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಕಾಕಾ ಈಗ ಬೇರೆಯವರ ಟೂ-ಸ್ಟ್ರೋಕ್ ಗಾಡಿ ಬಂದರೂ ಬೋರ್ ಮಾಡಿಸುವ ಮೊದಲು ಆ ಬಿ.ಪಿ. ಬಲ್ಬನ್ನೇ ಕೇಳುತ್ತಾರೆ.