ಬ್ಲೋವರ್ ನಿಂತರೆ ಬಾಡಿಗೆಯೂ ನಿಂತೀತು

ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವ ನೆಟ್ಟಣದ ಆಸುಪಾಸು ಅಡಿಕೆ, ರಬ್ಬರ್ ಬೆಳೆಯುವ ಪ್ರದೇಶ. ತೋಟದ ಮಾಲು ಕಡಬ, ಸುಳ್ಯ, ಪುತ್ತೂರಿನ ಮಾರುಕಟ್ಟೆಗಳನ್ನು ತಲುಪುವಲ್ಲಿ ಪಿಕಪ್ ವಾಹನಗಳ ಪಾತ್ರ ದೊಡ್ಡದು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಓಡಿಸುವಾಗ ಮುಂಗಾಜಿನ ಒಳಮೈಗೆ ಮಂಜು ಕಟ್ಟುತ್ತದೆ. ಅದನ್ನು ತೊಲಗಿಸುವುದು ಡ್ಯಾಶ್‌ಬೋರ್ಡಿನೊಳಗಿನ ಬ್ಲೋವರ್. ಅದು ಕೆಟ್ಟರೆ ಚಾಲಕನು ಒಂದು ಕೈಯಲ್ಲಿ ಗಾಜು ಒರೆಸುತ್ತ, ಇನ್ನೊಂದರಲ್ಲಿ ಸ್ಟಿಯರಿಂಗ್ ತಿರುಗಿಸಬೇಕಾಗುತ್ತದೆ. ತಿರುವುಗಳ ದಾರಿಯಲ್ಲಿ ಇದು ಮಾಲಿಗೂ ಜೀವಕ್ಕೂ ಅಪಾಯ.

ದುರಸ್ತಿಗೆ ಮುನ್ನ ದೋಷವನ್ನು ಗುರುತಿಸುವುದು ಮುಖ್ಯ. ಗರಿಷ್ಠ ವೇಗದಲ್ಲಿ ಮಾತ್ರ ಗಾಳಿ ಬಂದು ಉಳಿದ ವೇಗಗಳಲ್ಲಿ ಬಾರದಿದ್ದರೆ, ಸಾಮಾನ್ಯವಾಗಿ ಕೆಟ್ಟಿರುವುದು ಮೋಟಾರಲ್ಲ, ರೆಸಿಸ್ಟರ್. ಗರಿಷ್ಠ ವೇಗದಲ್ಲಿ ವಿದ್ಯುತ್ತು ರೆಸಿಸ್ಟರನ್ನು ಹಾಯದೆ ನೇರವಾಗಿ ಮೋಟಾರಿಗೆ ಹರಿಯುವುದೇ ಇದಕ್ಕೆ ಕಾರಣ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕನೆಕ್ಟರ್ ಬಿಡಿಸಿ, ಸ್ಕ್ರೂ ತೆಗೆದರೆ ಬಹುತೇಕ ಮಾದರಿಗಳಲ್ಲಿ ಹಳೆಯದು ಹೊರಬರುತ್ತದೆ.

ಆದರೆ ಅಷ್ಟಕ್ಕೇ ಕೆಲಸ ಮುಗಿಯದು. ರೆಸಿಸ್ಟರನ್ನು ತಂಪಾಗಿಡುವುದು ಬ್ಲೋವರಿನದೇ ಗಾಳಿ. ಎಲೆ, ಧೂಳು ತುಂಬಿ ಗಾಳಿ ಕುಂದಿದರೆ, ಅಥವಾ ಬೇರಿಂಗ್ ಬಿಗಿದು ಮೋಟಾರು ಅಧಿಕ ವಿದ್ಯುತ್ತು ಎಳೆದರೆ, ಹೊಸ ಬಿಡಿಭಾಗವೂ ಸುಡುತ್ತದೆ. ಕನೆಕ್ಟರ್ ಕರಗಿದ್ದರೆ ಅದನ್ನೂ ಬದಲಿಸಬೇಕು.

ಕೇಂದ್ರ ಸರ್ಕಾರದ ನಿಯಮದಂತೆ 2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್‌ಗಿಂತ ಹೆಚ್ಚು ಒಟ್ಟು ತೂಕದ ಸರಕು ವಾಹನಗಳ ಚಾಲಕ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯ. ಸಣ್ಣ ಪಿಕಪ್‌ಗಳು ಈ ನಿಯಮದ ಹೊರಗಿವೆ. ಅವುಗಳ ಮಾಲೀಕರು ಮಳೆಗಾಲಕ್ಕೆ ಮುನ್ನವೇ ಬ್ಲೋವರಿನ ಎಲ್ಲ ವೇಗಗಳನ್ನೂ ಪರೀಕ್ಷಿಸಿಕೊಳ್ಳುವುದು ಲೇಸು.