ಗದುಗಿನ ಚೆಂಡುಗಾರ

ಗದಗು ಎಂದೊಡನೆ ವಾಚಕರಿಗೆ ಮೊದಲು ನೆನಪಾಗುವವನು ವೀರನಾರಾಯಣನ ಭಕ್ತನಾದ ಕುಮಾರವ್ಯಾಸನು. ಅನಂತರ ಪುಣ್ಯಾಶ್ರಮದ ಗವಾಯಿಗಳು. ಇದೇ ಊರಿನ ಒಬ್ಬರು ಕ್ರಿಕೆಟ್ಟಿನಲ್ಲಿ ಭಾರತದ ಪಕ್ಷದಿಂದ ಆಡಿ ಬಂದ ಸಂಗತಿಯನ್ನು ಮನೆಯ ಹುಡುಗರು ಬಲ್ಲರು. ಹಿರಿಯರು ಅಷ್ಟಾಗಿ ಅರಿಯರು. ಅವರೇ ಸುನೀಲ ಜೋಶಿಯವರು.

ಇವರು 1970ರಲ್ಲಿ ಗದಗಿನಲ್ಲಿ ಹುಟ್ಟಿದರು. ಆಗ ಗದಗು ಧಾರವಾಡ ಜಿಲ್ಲೆಗೆ ಸೇರಿದ ಊರು. ಬಾಲಕ ಸುನೀಲನು ನಸುಕಿನಲ್ಲೆದ್ದು ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಗದಗಿಗೆ ಬರುತ್ತಿದ್ದನು. ಒಂದು ದಿನವಲ್ಲ, ಎರಡು ದಿನವಲ್ಲ, ಇದೇ ನಿತ್ಯಕ್ರಮ. ಮಕ್ಕಳನ್ನು ಏಳು ಗಂಟೆಗೆ ಎಬ್ಬಿಸುವುದಕ್ಕೇ ಸಾಹಸಪಡುವ ನಮ್ಮಂಥವರು ಇದನ್ನು ತುಸು ನಿಂತು ಯೋಚಿಸಬೇಕು. 1933ರಲ್ಲಿ ಗುರುವನ್ನು ಅರಸುತ್ತ ಗದಗಿನ ಮನೆ ಬಿಟ್ಟು ಹೊರಟ ಇನ್ನೊಬ್ಬ ಜೋಶಿ ಹುಡುಗನೂ ಇದ್ದನಲ್ಲವೆ? ಆತನೇ ಮುಂದೆ ಪಂಡಿತ ಭೀಮಸೇನರಾದನು. ಆದರೆ ಸುನೀಲನು ಸಂಜೆಯ ಊಟವನ್ನು ಮನೆಯಲ್ಲಿಯೇ ಮಾಡುತ್ತಿದ್ದನು!

ಎಡಗೈಯಿಂದ ಚೆಂಡನ್ನು ಮೆಲ್ಲನೆ ತೇಲಿಬಿಟ್ಟು, ನೆಲ ಮುಟ್ಟಿದ ಮೇಲೆ ಬಲಗೈ ದಾಂಡಿಗನಿಂದ ಆಚೆಗೆ ಸರಿಯುವಂತೆ ತಿರುಗಿಸುವುದು ಜೋಶಿಯವರ ವಿದ್ಯೆ. 1995-96ರ ರಣಜಿ ಪಂದ್ಯಗಳಲ್ಲಿ ಅವರು 52 ಜನರನ್ನು ಉರುಳಿಸಿ, 500ಕ್ಕೂ ಮಿಕ್ಕಿ ಓಟಗಳನ್ನು ಗಳಿಸಿದರು. ಆ ವರ್ಷದ ಪಾರಿತೋಷಕವು ಕರ್ನಾಟಕದ್ದಾಯಿತು. ಮರುಬೇಸಗೆಯಲ್ಲಿಯೇ ಇಂಗ್ಲಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟು. ದೈವವೆಂಥದು ನೋಡಿರಿ! ಬೆರಳಿಗೆ ಪೆಟ್ಟು ಬಿದ್ದು, ಆ ಪಂದ್ಯದಲ್ಲಿ ಒಂದು ಚೆಂಡನ್ನೂ ಎಸೆಯಲಾಗಲಿಲ್ಲ.

1999ರ ಸಪ್ಟಂಬರದಲ್ಲಿ ಆಫ್ರಿಕದ ನೈರೋಬಿಯಲ್ಲಿ ನಡೆದುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಆರು ಎಸೆತಗಳಿಗೆ ಒಂದು ಓವರು. ಅದರಲ್ಲಿ ಒಂದು ಓಟವೂ ಬಾರದಿದ್ದರೆ ಅದನ್ನು ಮೇಡನ್ ಎನ್ನುವರು. ಒಂದು ದಿನದ ಪಂದ್ಯದಲ್ಲಿ ದಾಂಡಿಗರು ಅವಸರದಲ್ಲಿರುವುದರಿಂದ ಒಂದೆರಡು ಮೇಡನ್ ಸಿಕ್ಕರೂ ಹೆಚ್ಚು. ದಕ್ಷಿಣ ಆಫ್ರಿಕದಂಥ ಬಲಿಷ್ಠ ಪಕ್ಷದ ಇದಿರು ಜೋಶಿಯವರು ಹತ್ತು ಓವರು ಎಸೆದು, ಆರನ್ನು ಮೇಡನ್ ಮಾಡಿ, ಕೇವಲ 6 ಓಟ ಕೊಟ್ಟು ಐವರನ್ನು ಹಿಂದಕ್ಕೆ ಕಳುಹಿದರು! ಎದುರಾಳಿಗಳು 117ಕ್ಕೆ ಮುಗಿದರು. ಭಾರತವು ಎರಡೇ ವಿಕೆಟ್ ಕಳೆದುಕೊಂಡು ಗೆದ್ದಿತು.

ಮರುವರ್ಷ ನವೆಂಬರದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟು. ಅವರು 400 ಓಟ ಹೊಡೆದು ಭಾರತವನ್ನು ಬೆರಗುಗೊಳಿಸಿದರು. ಜೋಶಿಯವರು ಮೊದಲ ಸರದಿಯಲ್ಲಿ ಐವರನ್ನು ಕೆಡವಿದುದಲ್ಲದೆ, ದಾಂಡು ಹಿಡಿದು 92 ಓಟ ಕೂಡಿಸಿ ಪಕ್ಷಕ್ಕೆ ಮುನ್ನಡೆ ದೊರಕಿಸಿದರು. ಪಂದ್ಯಪುರುಷರೂ ಅವರೇ.

ಇಷ್ಟಾದರೂ ಅವರಿಗೆ ದೊರೆತ ಟೆಸ್ಟುಗಳು ಹದಿನೈದೇ, ವಿಕೆಟ್ಟುಗಳು 41. ಅನಿಲ ಕುಂಬಳೆಯವರಂಥ ತಿರುಗುಚೆಂಡಿನ ಧುರೀಣರು ಇದ್ದ ಕಾಲದಲ್ಲಿ ಎರಡನೆಯ ಸ್ಥಾನಕ್ಕೇ ನೂಕುನುಗ್ಗಲು. ಅದಕ್ಕಿಂತ ಹೆಚ್ಚು ದೊರೆಯಬೇಕಾಗಿತ್ತೆಂದೇ ನಮ್ಮ ಮತ. ಜೋಶಿಯವರಾದರೋ ಗೊಣಗುತ್ತ ಕೂಡಲಿಲ್ಲ. ನಾಡಿನ ಪಂದ್ಯಗಳಲ್ಲಿ ದುಡಿಯುತ್ತಲೇ ಹೋಗಿ, 160 ಪ್ರಥಮದರ್ಜೆಯ ಆಟಗಳಲ್ಲಿ 615 ವಿಕೆಟ್ ಪಡೆದು, 2012ರಲ್ಲಿ ನಿವೃತ್ತರಾದರು.

ಆಮೇಲೆ ಹೈದರಾಬಾದು, ಜಮ್ಮು-ಕಾಶ್ಮೀರಗಳ ಹುಡುಗರಿಗೂ ಬಾಂಗ್ಲಾದೇಶದ ಎಸೆತಗಾರರಿಗೂ ಶಿಕ್ಷಕರಾದರು. 2020ರ ಮಾರ್ಚಿಯಲ್ಲಿ ಭಾರತದ ಆಯ್ಕೆಯ ಮಂಡಲಿಗೆ ಅಧ್ಯಕ್ಷರಾಗಿ, ಆ ವರ್ಷದ ಕೊನೆಯವರೆಗೆ ಆ ಪದವಿಯಲ್ಲಿದ್ದರು. ಆಸ್ಟ್ರೇಲಿಯಕ್ಕೆ ಹೋಗಿ, ಒಂದು ಸರದಿಯಲ್ಲಿ 36ಕ್ಕೆ ಉರುಳಿಯೂ 2021ರ ಜನವರಿಯಲ್ಲಿ ಸರಣಿಯನ್ನು ಗೆದ್ದು ಬಂದ ಪಕ್ಷವನ್ನು ಆರಿಸಿದವರು ಅವರ ಮಂಡಲಿಯವರೇ.